ಕಲೆ ಇಲ್ಲದ ಕಡೆ ಉರಿ, ಚುಚ್ಚು: ಸೋರಿಯಾಸಿಸ್ ಇದ್ದವರಿಗೆ

ರಾಮದುರ್ಗ ತಾಲೂಕಿನ ಕಟಕೋಳದ ಸುತ್ತಲ ಎರೆಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆದಾಗ ಸುಂಕು ಹಾರಿ ಮೈಗೆ ಹತ್ತಿದರೆ ಎಂಥವರಿಗೂ ತುರಿಕೆ ತಪ್ಪದು. ಸ್ನಾನ ಮಾಡಿದರೆ ಅದು ಇಳಿಯುತ್ತದೆ. ಆದರೆ ನಿಮಗೆ ಸೋರಿಯಾಸಿಸ್ ಇದ್ದು, ಸುಗ್ಗಿ ಮುಗಿದು ತಿಂಗಳಾದರೂ, ಕಲೆಯೇ ಇಲ್ಲದ ಜಾಗದಲ್ಲಿ ಸುಂಕು ಹತ್ತಿದಂತೆ ಚುಚ್ಚಿದರೆ? ಇರುವೆ ಹರಿದಂತೆ, ಖಾರ ಸವರಿದಂತೆ ಅನಿಸಿದರೆ? ಮನೆಯವರು ದೀಪ ಹಿಡಿದು ನೋಡುತ್ತಾರೆ, ಏನೂ ಕಾಣುವುದಿಲ್ಲ. 'ಎಲ್ಲಾ ನಿನ್ನ ಭ್ರಮೆ' ಎಂದು ಮಲಗುತ್ತಾರೆ.

ಅದು ಭ್ರಮೆಯಲ್ಲ. ಸೋರಿಯಾಸಿಸ್ ಎಂಬ ಹೆಸರೇ ತುರಿಕೆ ಎಂಬರ್ಥದ ಗ್ರೀಕ್ ಶಬ್ದದಿಂದ ಬಂದದ್ದು. ಆದರೂ ಈ ರೋಗದಲ್ಲಿ ತುರಿಕೆ ಇರುವುದಿಲ್ಲವೆಂದು ವೈದ್ಯರೇ ಬಹಳ ಕಾಲ ನಂಬಿದ್ದರು. ರೋಗಿಗಳನ್ನು ಕೂರಿಸಿ ಕೇಳಿದಾಗ ಬಹುಪಾಲು ಜನರಿಗೆ ತುರಿಕೆ, ಹಲವರಿಗೆ ಉರಿ, ಚುಚ್ಚು ಇರುವುದು ತಿಳಿಯಿತು. ದೇಹದ ರಕ್ಷಣಾ ವ್ಯವಸ್ಥೆ ಕೆರಳಿ, ತಿಂಗಳಲ್ಲಿ ಬೆಳೆಯಬೇಕಾದ ಚರ್ಮದ ಪದರ ಕೆಲವೇ ದಿನಗಳಲ್ಲಿ ಬೆಳೆದು ಹೊಟ್ಟಾಗಿ ಉದುರುವುದೇ ಈ ರೋಗ. ಆ ಉರಿಯೂತದ ರಾಸಾಯನಿಕಗಳು ಚರ್ಮದ ನರತುದಿಗಳನ್ನೂ ಕೆಣಕುತ್ತವೆ. ಇದು ಅಂಟುರೋಗವಲ್ಲ ಎಂಬುದನ್ನೂ ಮನೆಯವರಿಗೆ ಮತ್ತೊಮ್ಮೆ ಹೇಳಿ.

ಹಾಗೆಂದು ಮೈಮೇಲಿನ ಪ್ರತಿಯೊಂದು ಉರಿಯನ್ನೂ ಸೋರಿಯಾಸಿಸ್‌ನ ಲೆಕ್ಕಕ್ಕೆ ಬರೆದರೆ ಮೋಸಹೋಗುತ್ತೀರಿ. ಎರಡೂ ಅಂಗಾಲು ರಾತ್ರಿ ಉರಿದು ಜುಮ್ಮೆಂದರೆ ಮೊದಲು ರಕ್ತದ ಸಕ್ಕರೆ ನೋಡಿಸಿ. ಸೋರಿಯಾಸಿಸ್ ಇದ್ದವರಲ್ಲಿ ಸಕ್ಕರೆ ಕಾಯಿಲೆಯ ಸಂಭವ ಉಳಿದವರಿಗಿಂತ ಹೆಚ್ಚು. ಶುದ್ಧ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿ ಇದೇ ತೊಂದರೆ ಬರಬಹುದು. ಥೈರಾಯ್ಡ್, ಮೂತ್ರಪಿಂಡ, ಯಕೃತ್ತುಗಳ ದೋಷದಲ್ಲೂ ಬರಿಯ ಚರ್ಮ ತುರಿಸುತ್ತದೆ. ರಾತ್ರಿ ಮನೆಮಂದಿಗೆಲ್ಲ ತುರಿಕೆ ಇದ್ದರೆ ಅದು ಕಜ್ಜಿಯೇ ಇರಬಹುದು. ಒಂದು ಜಾಗದಲ್ಲಿ ಹತ್ತಿ ಸವರಿದರೂ ಗೊತ್ತಾಗದಿದ್ದರೆ ಕುಷ್ಠರೋಗದ ಪರೀಕ್ಷೆ ಆಗಲೇಬೇಕು. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ, ಪೂರ್ತಿ ವಾಸಿಯಾಗುತ್ತದೆ.

ಇನ್ನೊಂದು ತುರ್ತಿನದು. ಎದೆ, ಬೆನ್ನು ಅಥವಾ ಮುಖದ ಒಂದೇ ಬದಿಗೆ ಪಟ್ಟಿಯಂತೆ ಉರಿ ಶುರುವಾಗಿ, ಎರಡು-ಮೂರು ದಿನ ಏನೂ ಕಾಣದೆ, ಆಮೇಲೆ ನೀರುಗುಳ್ಳೆಗಳು ಎದ್ದರೆ ಅದು ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ಔಷಧಿ ಶುರುವಾದರೆ ಗುಣ ಹೆಚ್ಚು. ಕಾವಿ ಹಚ್ಚಿಸುತ್ತ ಆ ಮೂರು ದಿನ ಕಳೆಯಬೇಡಿ.

ಇವೆಲ್ಲ ಇಲ್ಲವೆಂದು ಖಚಿತವಾದ ಮೇಲೂ ಚುಚ್ಚು ನಿಲ್ಲದಿದ್ದರೆ ಅದರೊಡನೆ ಬಾಳುವ ಬಗೆ ಕಲಿಯಬೇಕು. ಮೊದಲನೆಯ ಕೆಲಸ ಕೈ ಕಟ್ಟಿಕೊಳ್ಳುವುದು. 1872ರಲ್ಲಿ ಜರ್ಮನಿಯ ವೈದ್ಯ ಹೈನ್ರಿಖ್ ಕೋಬ್ನರ್ ಒಂದು ಸಂಗತಿ ತಿಳಿಸಿದ. ಅವನ ರೋಗಿಗೆ ಗಾಯವಾದ ಕಡೆಯಲ್ಲೆಲ್ಲ, ಕುದುರೆ ಕಚ್ಚಿದಲ್ಲಿ, ಹಚ್ಚೆ ಚುಚ್ಚಿದಲ್ಲಿ ಸಹ, ಹೊಸ ಸೋರಿಯಾಸಿಸ್ ಎದ್ದಿತ್ತು. ನೀವು ಉಗುರಿನಿಂದ ಕೆರೆದರೂ, ಬಚ್ಚಲಲ್ಲಿ ಕಲ್ಲಿನಿಂದ ತಿಕ್ಕಿದರೂ ಹಾಗೇ ಆಗಬಹುದು. ಇಂದು ಬರಿಯ ಉರಿ ಇದ್ದ ಜಾಗದಲ್ಲಿ ಎರಡು ವಾರದಲ್ಲಿ ಕಲೆ ಕಾಣಿಸಿಕೊಂಡರೆ ಅದು ನೀವೇ ಬಿತ್ತಿದ್ದಾಗಿರಬಹುದು. ತುರಿಸಿದಾಗ ತಣ್ಣೀರಿನ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಕಿ, ಇಲ್ಲವೆ ಅಂಗೈಯಿಂದ ಮೆಲ್ಲಗೆ ತಟ್ಟಿ. ಸುಡುಸುಡು ನೀರು ಬೇಡ, ಉಗುರುಬೆಚ್ಚಗಿನದು ಸಾಕು. ಬೋರಿನ ಗಡಸು ನೀರಾದರೆ ಸಾಬೂನು ಇನ್ನೂ ಕಡಿಮೆ ಮಾಡಿ. ಮೈ ಒರೆಸಿ ಪಸೆ ಆರುವ ಮುನ್ನವೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಸವರಿ. ವ್ಯಾಸಲೀನ್ ಹತ್ತಿದ ಬಟ್ಟೆಗೆ ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ, ಒಲೆಯ ಮುಂದೆ ಕೂರುವ ತಾಯಂದಿರು ಎಚ್ಚರ. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಿದರೆ ತುರಿಕೆ ಏರುವುದು ನಿಜ. ಆದರೆ ಚಿಂತೆಯೇ ಅದಕ್ಕೆಲ್ಲ ಕಾರಣವೆಂದು ಯಾರಾದರೂ ಹೇಳಿದರೆ ಒಪ್ಪಬೇಕಿಲ್ಲ. ನರಗಳ ಕೆರಳಿಕೆ ತಗ್ಗಿಸುವ ಮಾತ್ರೆಗಳಿವೆ, ವೈದ್ಯರನ್ನು ಕೇಳಿ.

ಔಷಧದಂಗಡಿಯವರು ಕೊಟ್ಟ ಸ್ಟೀರಾಯ್ಡ್ ಮಲಾಮನ್ನು ಉರಿಯುವಲ್ಲೆಲ್ಲ ಹಚ್ಚಿದರೆ ಚರ್ಮ ತೆಳುವಾಗಿ ಉರಿ ಹೆಚ್ಚೇ ಆಗುತ್ತದೆ. ಸ್ಟೀರಾಯ್ಡ್ ಮಾತ್ರೆ, ಇಂಜೆಕ್ಷನ್ ಇನ್ನೂ ಕೆಟ್ಟವು: ನಿಲ್ಲಿಸಿದೊಡನೆ ಸೋರಿಯಾಸಿಸ್ ಭುಗಿಲೇಳಬಹುದು. ಮೆಥೊಟ್ರೆಕ್ಸೇಟ್ ಮಾತ್ರೆ ಸೋರಿಯಾಸಿಸ್‌ಗೆ ವಾರಕ್ಕೆ ಒಂದೇ ದಿನ. ದಿನಾಲೂ ನುಂಗಿ ಪ್ರಾಣಕ್ಕೆ ಎರವಾದವರಿದ್ದಾರೆ. ಅದನ್ನು ತೆಗೆದುಕೊಳ್ಳುವಾಗ ಬಾಯಿ ಹುಣ್ಣಾಗಿ, ಕಲೆಗಳು ಉರಿದು ಹುಣ್ಣಾಗತೊಡಗಿದರೆ, ಅಥವಾ ಯಾವಾಗಲಾದರೂ ಇಡೀ ಮೈ ಕೆಂಪಾಗಿ ಚಳಿಜ್ವರ ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಉಳಿದಂತೆ ರಾಮದುರ್ಗದ ತಾಲೂಕು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯಿಂದ ಆರಂಭಿಸಬಹುದು. ಚರ್ಮತಜ್ಞರು ಬೇಕೆಂದರೆ ಬೆಳಗಾವಿ, ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಹೋಗುವ ಮುನ್ನ ಎರಡು ವಾರ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ: ಎಲ್ಲಿ, ಎಷ್ಟು ಹೊತ್ತಿಗೆ, ಉರಿಯೋ ಚುಚ್ಚೋ, ಅಂದು ಏನು ಕೆಲಸ ಮಾಡಿದ್ದಿರಿ. ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ ಸರಿ, ಚೀಲದಲ್ಲಿ ಹಾಕಿಕೊಂಡು ಹೋಗಿ.