ಡಿವಿಡಿ ತಯಾರಿಕೆ: ಕಾಲವು ಎಲ್ಲಿ ಕಳೆಯುತ್ತದೆ?

ಹಳೆಯ ಡಿವಿ ಟೇಪಿನಲ್ಲಿರುವ ಮದುವೆಯ ಚಿತ್ರವನ್ನು ಡಿವಿಡಿಗೆ ಇಳಿಸುವವರು ತಟ್ಟೆ ಬರೆಯುವ ಯಂತ್ರವೇ ನಿಧಾನವೆಂದು ದೂರುವುದುಂಟು. ಲೆಕ್ಕಹಾಕಿ ನೋಡೋಣ. 4.7 ಗಿಗಾಬೈಟಿನ ತಟ್ಟೆಗೆ ಮೂಲವೇಗದಲ್ಲಿ ಸುಮಾರು 57 ನಿಮಿಷ ಬೇಕು. 8 ಪಟ್ಟು ವೇಗದಲ್ಲಿ ಹತ್ತು ನಿಮಿಷ ಸಾಕು. ಉಳಿದ ಗಂಟೆಗಳನ್ನು ನುಂಗುವುದು ಬೇರೊಂದು ಕೆಲಸ. ಟೇಪಿನ ಒಂದು ಗಂಟೆಯ ಚಿತ್ರವು ಸುಮಾರು 13 ಗಿಗಾಬೈಟು. ಎಂಪೆಗ್-2 ರೂಪಕ್ಕೆ ಕುಗ್ಗಿಸದೆ ಅದು ತಟ್ಟೆಯಲ್ಲಿ ಹಿಡಿಯದು. ಸೆಕೆಂಡಿಗೆ 25ರಂತೆ ಗಂಟೆಗೆ 90,000 ಚಿತ್ರಗಳು! ಗಣಕವು ಅವನ್ನು ನೆರೆಯ ಚಿತ್ರಗಳೊಡನೆ ಹೋಲಿಸಿ, ಬದಲಾದುದನ್ನಷ್ಟೇ ಬರೆದಿಡಬೇಕು. ಆದುದರಿಂದ ಬೇಡದ ಭಾಗಗಳನ್ನು ಮೊದಲೇ ಕತ್ತರಿಸುವುದು ಲೇಸು. ಕುಗ್ಗಿಸಿದುದನ್ನು ಮತ್ತೆ ಕುಗ್ಗಿಸಿದರೆ ಕಾಲವೂ ಹೋಯಿತು, ಮುಖಗಳ ಸ್ಪಷ್ಟತೆಯೂ ಹೋಯಿತು. ಸಿದ್ಧವಾದ ತಟ್ಟೆಯ ಪ್ರತಿರೂಪವನ್ನು ಗಣಕದಲ್ಲಿ ಉಳಿಸಿಕೊಂಡರೆ, ನೆಂಟರು ಎಷ್ಟು ಮಂದಿಯಿದ್ದರೂ ಬರೆಯುವ ಕೆಲಸವೊಂದೇ ಉಳಿಯುತ್ತದೆ. ಟೇಪನ್ನು ಗಣಕಕ್ಕೆ ತುಂಬಿಸುವ ಆ ಒಂದು ಗಂಟೆಯನ್ನು ಮಾತ್ರ ನಾವು ಕಡಿಮೆಮಾಡಲಾರೆವು.