ಪರೀಕ್ಷೆಗೆ ಓದುತ್ತಿರುವ ಡಾಕ್ಟರ್ ಮಕ್ಕಳಿಗೆ ನಿದ್ದೆ ಕೊಡಿ

ಕಿರ್ಗಿಸ್ತಾನ, ರಷ್ಯಾ, ಜಾರ್ಜಿಯಾ, ಫಿಲಿಪ್ಪೀನ್ಸ್ ಮುಂತಾದ ದೇಶಗಳಲ್ಲಿ ವೈದ್ಯಕೀಯ ಓದಿ ಮರಳಿದ ಯುವಕ ಯುವತಿಯರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಕೆಲವರ ತಂದೆ ಜಮೀನು ಮಾರಿರುತ್ತಾರೆ, ಕೆಲವರ ತಂದೆ ಊರಿಗೆ ಮರಳುವ ವಯಸ್ಸಿನಲ್ಲೂ ಗಲ್ಫಿನಲ್ಲೇ ದುಡಿಯುತ್ತಿರುತ್ತಾರೆ. ಪದವಿ ಕೈಯಲ್ಲಿದೆ, ಆದರೆ ಇಲ್ಲಿ ಚಿಕಿತ್ಸೆ ಕೊಡುವಂತಿಲ್ಲ. ಅದಕ್ಕೆ ಮೊದಲು ವಿದೇಶಿ ವೈದ್ಯ ಪದವೀಧರರ ಪರೀಕ್ಷೆ, ಅಂದರೆ ಎಫ್‌ಎಂಜಿಇ, ಪಾಸಾಗಬೇಕು. 2002ರಿಂದ ನಡೆಯುತ್ತಿರುವ ಈ ಪರೀಕ್ಷೆಯಲ್ಲಿ ಹೆಚ್ಚಿನ ಸಲ ಬರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫೇಲಾಗುತ್ತಾರೆ. ಎರಡನೇ, ಮೂರನೇ ಬಾರಿ ಕೂರುವವರು ತುಂಬಾ ಇದ್ದಾರೆ. ತಲೆನೋವು, ಹೊಟ್ಟೆ ಉರಿ, ಕೂದಲು ಉದುರುವುದು, ಮುಟ್ಟಿನ ಏರುಪೇರು ಎಂದು ಅವರು ನನ್ನಲ್ಲಿಗೆ ಬರುತ್ತಾರೆ. ಮದ್ದು ಬರೆಯುವ ಮೊದಲು ನಾನು ಕೇಳುವುದು ಒಂದೇ: ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ?

"ಓದಿ ಬಂದ ಮೇಲೆ ಮತ್ತೆ ಪರೀಕ್ಷೆ ಯಾಕೆ?" ಎಂದು ಹೆತ್ತವರು ಸಂಕಟದಿಂದ ಕೇಳುವುದುಂಟು. ಇದು ಇಂದು ನಿನ್ನೆಯ ಪದ್ಧತಿಯಲ್ಲ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ಒಬ್ಬ ವೈದ್ಯನ ತಪ್ಪಿನಿಂದ ರೋಗಿ ಮರಣ ಹೊಂದಿದ. ಆಗ ಖಲೀಫ ಅಲ್ ಮುಕ್ತದಿರ್, ಸಿನಾನ್ ಇಬ್ನ್ ಸಾಬಿತ್ ಎಂಬ ಹಿರಿಯ ವೈದ್ಯರ ಪರೀಕ್ಷೆಯಲ್ಲಿ ಗೆಲ್ಲದವರು ಚಿಕಿತ್ಸೆ ಮಾಡಬಾರದೆಂದು ಆಜ್ಞೆ ಹೊರಡಿಸಿದರು. ಹೆಸರಾಂತ ವೈದ್ಯರನ್ನು ಬಿಟ್ಟು ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿ ಅವರ ಮುಂದೆ ಕುಳಿತರೆಂದು ಹಳೆಯ ವೈದ್ಯ ಚರಿತ್ರೆಗಳು ಹೇಳುತ್ತವೆ. ಅದರಲ್ಲಿ ಒಂದು ಸ್ವಾರಸ್ಯವಿದೆ. ಸರಿಯಾಗಿ ಓದು ಬರಹ ಬಾರದ ಒಬ್ಬ ಮುದುಕ ಬಂದು, ಇದೇ ನನ್ನ ಸಂಸಾರದ ಅನ್ನ ಎಂದನಂತೆ. ತಿಳಿಯದ ರೋಗಕ್ಕೆ ಕೈ ಹಾಕಬೇಡ, ರಕ್ತ ತೆಗೆಯಬೇಡ, ತೀಕ್ಷ್ಣ ಭೇದಿ ಮದ್ದು ಕೊಡಬೇಡ ಎಂದು ಸಿನಾನ್ ಷರತ್ತು ಹಾಕಿದರು. ಸಿಕಂಜಬೀನ್, ಜುಲಾಬ್ ಬಿಟ್ಟು ನಾನು ಮುಂದೆ ಹೋದದ್ದೇ ಇಲ್ಲ ಎಂದ ಮುದುಕ. ಸಿಕಂಜಬೀನ್ ಎಂದರೆ ವಿನೆಗರ್ ಮತ್ತು ಜೇನಿನ ಪಾನಕ, ಅದರಿಂದ ಯಾರೂ ಸಾಯುವುದಿಲ್ಲ. ಪರೀಕ್ಷೆ ಇರುವುದು ಮನೆತನದ ಮರ್ಯಾದೆ ಅಳೆಯಲು ಅಲ್ಲ, ರೋಗಿಯನ್ನು ಕಾಪಾಡಲು. ಹಾಗಾಗಿ ಪಾಸಾಗುವ ಮೊದಲೇ ಯಾವುದೋ ಕ್ಲಿನಿಕ್ಕಿನಲ್ಲಿ ರಾತ್ರಿ ಡ್ಯೂಟಿ ಕೊಡಿಸುವ "ಪರಿಚಯದವರ" ಮಾತಿಗೆ ದಯವಿಟ್ಟು ಮರುಳಾಗಬೇಡಿ. ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ 2019ರ ಕಾಯ್ದೆಯಂತೆ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಮನೆಯವರು ಪರೀಕ್ಷೆಯ ಲೆಕ್ಕವನ್ನು ಸ್ವಲ್ಪ ತಿಳಿದುಕೊಂಡಿರುವುದು ಒಳ್ಳೆಯದು. ಒಟ್ಟು 300 ಪ್ರಶ್ನೆಗಳು, ಒಂದೇ ದಿನ ಎರಡು ಭಾಗವಾಗಿ ಕಂಪ್ಯೂಟರಿನಲ್ಲಿ. ಒಂದೊಂದು ಭಾಗಕ್ಕೆ 150 ಪ್ರಶ್ನೆ, 150 ನಿಮಿಷ. 150 ಅಂಕ ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಲ್ಲಿ ರ‍್ಯಾಂಕ್ ಬೇಕಿಲ್ಲ, ಅರ್ಧ ದಾಟಿದರೆ ಸಾಕು. ಆದರೆ ಐದು ಗಂಟೆ ಪರದೆಯ ಮುಂದೆ ಕುಳಿತು ಮಿದುಳು ಮಂಕಾಗದಂತೆ ನೋಡಿಕೊಳ್ಳಬೇಕು. ಅದು ದೇಹದ ಕೆಲಸವೂ ಹೌದು.

ಆರೋಗ್ಯ ನಿಂತಿರುವ ಆರು ಕಂಬಗಳನ್ನು ಯುನಾನಿಯಲ್ಲಿ ಅಸ್ಬಾಬೆ ಸಿತ್ತಾ ಜರೂರಿಯಾ ಎನ್ನುತ್ತೇವೆ. ಗಾಳಿ, ಆಹಾರ ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಹಿಡಿದಿಡಬೇಕಾದದ್ದು ಮತ್ತು ಹೊರಹಾಕಬೇಕಾದದ್ದು. ಪರೀಕ್ಷೆಗೆ ಓದುವವರು ಈ ಆರನ್ನೂ ಕೆಡಿಸಿಕೊಳ್ಳುತ್ತಾರೆ. ಮೊದಲು ಕೆಡುವುದು ನಿದ್ದೆ, ಉಳಿದವು ಅದರ ಹಿಂದೆಯೇ ಬೀಳುತ್ತವೆ.

ಹಗಲು ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಇದು ಹಕೀಮರ ಮಾತು ಮಾತ್ರವಲ್ಲ, ಇಂದಿನ ನರವಿಜ್ಞಾನವೂ ಇದನ್ನೇ ಹೇಳುತ್ತದೆ. ನಾಲ್ಕು ಗಂಟೆ ಮಲಗಿ ಹದಿನಾರು ಗಂಟೆ ಓದುವವರು ತೂತಿನ ಕೊಡಕ್ಕೆ ನೀರು ಸುರಿದಂತೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ರಾತ್ರಿ ಹತ್ತೂವರೆಗೆ ಮಲಗಿ ಫಜ್ರಿಗೆ ಎದ್ದು, ಮಧ್ಯಾಹ್ನ ಅರ್ಧ ಗಂಟೆ ಕೈಲೂಲಾ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಬೆಳಗಿನ ಜಾವದವರೆಗೆ ಓದಿ ಹನ್ನೊಂದಕ್ಕೆ ಏಳುವವರಿಗೆ ಇನ್ನೊಂದು ತೊಂದರೆಯಿದೆ. ಪರೀಕ್ಷೆ ಶುರುವಾಗುವುದು ಬೆಳಗ್ಗೆ, ಅವರ ದೇಹ ಆಗ ಮಧ್ಯರಾತ್ರಿ ಎಂದುಕೊಂಡಿರುತ್ತದೆ. ಪರೀಕ್ಷೆಯ ಹಿಂದಿನ ದಿನ ಬೇಗ ಮಲಗಿದರೆ ಇದು ಸರಿಯಾಗದು. ಕನಿಷ್ಠ ಮೂರು ವಾರ ಮೊದಲೇ ದಿನಚರಿ ಬದಲಿಸಬೇಕು.

ನಿದ್ದೆ ಬಾರದಂತೆ ಮಾಡುವುದು ಹೆಚ್ಚಾಗಿ ಚಹಾ ಮತ್ತು ಮೊಬೈಲ್. ಸಂಜೆ ಆರಕ್ಕೆ ಕುಡಿದ ಚಹಾದ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ದೇಹದಲ್ಲೇ ಇರುತ್ತದೆ. ಮಗ ಓದುತ್ತಿದ್ದಾನೆಂದು ಪ್ರೀತಿಯಿಂದ ರಾತ್ರಿ ಹತ್ತಕ್ಕೆ ಸುಲೈಮಾನಿ ಕೊಡುವ ತಾಯಂದಿರು ಅಸರ್ ನಂತರ ಅದನ್ನು ನಿಲ್ಲಿಸಲಿ. ಬದಲಿಗೆ ಬಿಸಿ ಹಾಲು ಕೊಡಿ. ಎಚ್ಚರವಿರಿಸುವ ಮಾತ್ರೆಗಳ ಸುದ್ದಿಗೇ ಹೋಗಬೇಡಿ.

"ಹಕೀಂ ಸಾಹೇಬ್, ನೆನಪಿಗೆ ಒಂದು ಖಮೀರಾ ಬರೆದು ಕೊಡಿ" ಎನ್ನುವವರಿಗೆ ನಾನು ಕೊಡುವ ಉತ್ತರ ಅವರಿಗೆ ಇಷ್ಟವಾಗುವುದಿಲ್ಲ. ಓದದ್ದನ್ನು ನೆನಪಿಸುವ ಮದ್ದು ನಮ್ಮ ಪದ್ಧತಿಯಲ್ಲಿಲ್ಲ, ಬೇರೆಡೆಯೂ ಇಲ್ಲ. ಖಮೀರಾದಲ್ಲಿ ಸಕ್ಕರೆ ಧಾರಾಳವಾಗಿರುತ್ತದೆ, ಸಕ್ಕರೆ ಕಾಯಿಲೆ ಇರುವವರಿಗೆ ತೊಂದರೆಯೇ. ಹೆಣ್ಣುಮಕ್ಕಳಿಗೆ ಸುಸ್ತು, ತಲೆಸುತ್ತು, ಓದಿದ್ದು ತಲೆಗೆ ಹತ್ತದು ಎಂದಾದರೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ರಕ್ತಹೀನತೆಯನ್ನು ಸೋಮಾರಿತನ ಎಂದು ಬಯ್ಯುವ ಮನೆಗಳಿವೆ. ಇನ್ನು ಕುರ್ಚಿಯಿಂದ ಏಳದೆ ಮೂತ್ರ ತಡೆಯುವುದು, ನೀರು ಕುಡಿಯದಿರುವುದು, ಅದರಿಂದ ಮಲಬದ್ಧತೆ, ಮೂತ್ರದ ಸೋಂಕು. ಪ್ರತಿ ನಮಾಝಿಗೂ ಎದ್ದು ಮಸೀದಿಗೆ ನಡೆದು ಹೋಗಿ ಬರುವವರಿಗೆ ಇದರ ಅರ್ಧ ತೊಂದರೆ ತಾನಾಗಿಯೇ ಕಡಿಮೆ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆ ದೂರ ನೋಡಲಿ.

ಪಾಠ ಹೇಳಿಕೊಡುವುದು ನನ್ನ ಕೆಲಸವಲ್ಲ. ಆದರೆ ಒಂದು ಮಾತು ಹೇಳಬಲ್ಲೆ. ಗೆರೆ ಎಳೆಯುತ್ತಾ ಒಂದೇ ಪುಟವನ್ನು ಐದು ಸಲ ಓದುವುದಕ್ಕಿಂತ, ಪುಸ್ತಕ ಮುಚ್ಚಿ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು, ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು ಮತ್ತೆ ಕೇಳಿಕೊಳ್ಳುವುದು ಹೆಚ್ಚು ನಿಲ್ಲುತ್ತದೆ. ಮನೆಯವರೂ ಇದರಲ್ಲಿ ನೆರವಾಗಬಹುದು. ಸಮುದಾಯ ಆರೋಗ್ಯ ಎಂಬ ಒಂದೇ ವಿಷಯಕ್ಕೆ 30 ಅಂಕಗಳಿವೆ. ನಮ್ಮ ಲಸಿಕೆಯ ಪಟ್ಟಿ, ಕ್ಷಯದ ಕಾರ್ಯಕ್ರಮ, ಅಂಗನವಾಡಿ ಇವೆಲ್ಲ ಅದರಲ್ಲಿ ಬರುತ್ತವೆ. ಬಿಷ್ಕೆಕ್ಕಿನ ಆಸ್ಪತ್ರೆಯಲ್ಲಿ ಇವು ಕಾಣಸಿಗುವುದಿಲ್ಲ. ಮನೆಯಲ್ಲಿ ಬಾಣಂತಿ ಇದ್ದರೆ ಅವಳ ತಾಯಿ ಕಾರ್ಡ್ ತೆಗೆದು ಅತ್ತಿಗೆಯೋ ಅಮ್ಮನೋ ಕೇಳಲಿ: ಹುಟ್ಟಿದಾಗ ಯಾವ ಲಸಿಕೆ, ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಯಾವುದು, ಒಂಬತ್ತನೇ ತಿಂಗಳಲ್ಲಿ ಯಾವುದು? ಉತ್ತರ ಕಾರ್ಡಿನಲ್ಲೇ ಇದೆ, ಕೇಳುವವರು ಡಾಕ್ಟರ್ ಆಗಬೇಕಿಲ್ಲ.

ಮನಸ್ಸಿನ ವಿಷಯ ಹೇಳದೆ ಮುಗಿಸಲಾರೆ. ಮದುವೆ ಮನೆಯಲ್ಲಿ "ಇನ್ನೂ ಪಾಸಾಗಲಿಲ್ಲವೇ?" ಎಂದು ಕೇಳುವ ಬಂಧುಗಳಿಗೆ ತಂದೆಯೇ ಉತ್ತರಿಸಲಿ, ಮಗಳನ್ನು ಮುಂದೆ ನಿಲ್ಲಿಸಬಾರದು. ಓದಲು ಕುಳಿತ ಮಗನಿಗೆ ಊಟ ಕೋಣೆಗೇ ಹೋಗುತ್ತದೆ, ಅದೇ ಪರೀಕ್ಷೆಗೆ ಓದುವ ಮಗಳು ಅಥವಾ ಸೊಸೆ ಪಾತ್ರೆ ತೊಳೆದು ರಾತ್ರಿ ಹತ್ತಕ್ಕೆ ಪುಸ್ತಕ ತೆರೆಯುತ್ತಾಳೆ. ಅವಳ ನಿದ್ದೆಯನ್ನು ಕದಿಯುತ್ತಿರುವುದು ಪರೀಕ್ಷೆಯಲ್ಲ, ನಾವು. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು ಇಲ್ಲದಿದ್ದರೆ, ಯಾರೊಡನೆಯೂ ಮಾತು ಬೇಡವಾದರೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಅದು ಹಟವೂ ಅಲ್ಲ, ಈಮಾನಿನ ಕೊರತೆಯೂ ಅಲ್ಲ, ಕಾಯಿಲೆ. ತಡಮಾಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಪರೀಕ್ಷೆಯ ದಿನ ಎರಡು ಭಾಗಗಳ ನಡುವಿನ ಬಿಡುವಿನಲ್ಲಿ ಬಿರಿಯಾನಿ ಬೇಡ, ಮಧ್ಯಾಹ್ನದ 150 ಪ್ರಶ್ನೆ ತೂಕಡಿಕೆಯಲ್ಲಿ ಹೋಗುತ್ತದೆ. ಮೊಸರನ್ನ, ಎರಡು ಖರ್ಜೂರ, ನೀರು ಸಾಕು. ಆ ಬಿಡುವಿನಲ್ಲಿ ಬೆಳಗಿನ ಪ್ರಶ್ನೆಗಳ ಬಗ್ಗೆ ಫೋನ್ ಮಾಡಿ ಕೇಳಬೇಡಿ.