ಪಾಠ 9: ಡಿಶ್ ಕೂರಿಸಲು ಯಾವ ಮೀಟರು ಬೇಕು?



ನಮ್ಮ ಹುಬ್ಬಳ್ಳಿ-ಧಾರವಾಡದ ಯಾವ ಓಣಿಗೆ ಹೋದರೂ ಮಾಳಿಗೆಯ ಮೇಲೆ ಒಂದು ತಟ್ಟೆ ಕಾಣುತ್ತದೆ. ಅದೇ ಡಿಶ್. ಗಾಳಿ ಬೀಸಿತು. ಮಂಗ ಹಾರಿತು. ತಟ್ಟೆ ಒಂದಿಷ್ಟು ಸರಿಯಿತು. ಟಿ.ವಿ.ಯಲ್ಲಿ ಚಿತ್ರ ಹೋಯಿತು. ಆಗ ನಾವು ಮೆಕ್ಯಾನಿಕರನ್ನು ಕರೆಯುತ್ತೇವೆ. ಅವರು ತಟ್ಟೆ ತಿರುಗಿಸುತ್ತಾರೆ. "ಸಿಗ್ನಲ್ ಬಂತ್ರೀ" ಅನ್ನುತ್ತಾರೆ. ನಾವು ರೊಕ್ಕ ಕೊಡುತ್ತೇವೆ. ಎಷ್ಟು ಸಿಗ್ನಲ್ ಬಂತು ಎಂದು ಕೇಳುವುದಿಲ್ಲ. ಮೊದಲ ಮಳೆಗೆ ಚಿತ್ರ ಮತ್ತೆ ಹೋಗುತ್ತದೆ. ಮತ್ತೆ ಕರೆಯುತ್ತೇವೆ. ಮತ್ತೆ ರೊಕ್ಕ.

ಸಿಗ್ನಲನ್ನು ಅಳೆಯಬಹುದು. ಅಳೆಯುವ ಸಾಧನಕ್ಕೆ ಮೀಟರು ಎನ್ನುತ್ತಾರೆ. ಅದು ಅಂಕಿ ತೋರಿಸುತ್ತದೆ. ಅಂಕಿ ಓದುವುದನ್ನು ನಾವು ಕಲಿತಿದ್ದೇವೆ. ಹಾಗಾದರೆ ಯಾವ ಮೀಟರು ಕೊಳ್ಳಬೇಕು? ಕೊಳ್ಳಲೇಬೇಕೇ? ಬನ್ನಿ, ತಿಳಿಯೋಣ.

ತಟ್ಟೆ ಏನನ್ನು ನೋಡುತ್ತದೆ?

ತಟ್ಟೆ ಆಕಾಶದಲ್ಲಿರುವ ಉಪಗ್ರಹವನ್ನು ನೋಡುತ್ತದೆ. ಈ ಉಪಗ್ರಹ ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿದೆ. ಭೂಮಿ ತಿರುಗಿದಂತೆ ಅದೂ ತಿರುಗುತ್ತದೆ. ಹಾಗಾಗಿ ನಮಗೆ ಅದು ಸದಾ ಒಂದೇ ಜಾಗದಲ್ಲಿ ಇರುತ್ತದೆ.

ದೂರದರ್ಶನದ ಡಿಡಿ ಫ್ರೀ ಡಿಶ್ 2004ರ ಡಿಸೆಂಬರಿನಲ್ಲಿ ಶುರುವಾಯಿತು. ಆಗ ಅದರ ಹೆಸರು ಡಿಡಿ ಡೈರೆಕ್ಟ್ ಪ್ಲಸ್. ಇದಕ್ಕೆ ತಿಂಗಳ ಬಾಡಿಗೆ ಇಲ್ಲ. ನಮ್ಮ ಚಂದನ ವಾಹಿನಿಯೂ ಇದರಲ್ಲಿ ಬರುತ್ತದೆ. ಇದನ್ನು ನಮಗೆ ತಲುಪಿಸುವ ಉಪಗ್ರಹದ ಹೆಸರು ಜಿಸ್ಯಾಟ್-15. ಇಸ್ರೋ ಸಂಸ್ಥೆಯ ಈ ಉಪಗ್ರಹ 2015ರ ನವೆಂಬರ್ 11ರಂದು ಮೇಲೇರಿತು. ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಕರ್ನಾಟಕದ ಹಾಸನದಲ್ಲಿದೆ.

ತಟ್ಟೆ ಇಟ್ಟು ಟಿ.ವಿ. ನೋಡುವುದು ನಮ್ಮ ಸೀಮೆಗೆ ಹೊಸದೇನಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಹೆಸರು ಸೈಟ್. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ಟಿ.ವಿ. ಪಾಠ ಬಂತು. ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆಗಿನ ತಟ್ಟೆಯ ಅಗಲ 10 ಅಡಿ. ಅದನ್ನು ಕೋಳಿಗೂಡಿನ ತಂತಿ ಜಾಲರಿಯಿಂದ ಮಾಡಿದ್ದರು. ಈಗಿನ ತಟ್ಟೆಗೆ ಎರಡು-ಮೂರು ಅಡಿ ಸಾಕು.

ಒಂದೂವರೆ ಬೆರಳಿನ ಅಂತರ

ಹುಬ್ಬಳ್ಳಿ-ಧಾರವಾಡದಲ್ಲಿ ನಿಂತರೆ ಜಿಸ್ಯಾಟ್-15 ಯಾವ ಕಡೆ? ಪೂರ್ವಕ್ಕೂ ದಕ್ಷಿಣಕ್ಕೂ ನಡುವೆ. ಅದು ಆಗ್ನೇಯ, ಅಡುಗೆಮನೆಯ ಮೂಲೆ. ದಿಕ್ಸೂಚಿಯಲ್ಲಿ ಸುಮಾರು 129 ಡಿಗ್ರಿ. ಎಷ್ಟು ಎತ್ತರ? ನೆಲದಂಚು 0 ಡಿಗ್ರಿ, ನೆತ್ತಿ 90 ಡಿಗ್ರಿ ಎಂದು ಹಿಡಿಯಿರಿ. ಉಪಗ್ರಹ ಸುಮಾರು 62 ಡಿಗ್ರಿ ಎತ್ತರದಲ್ಲಿದೆ.

ಆಕಾಶದಲ್ಲಿ ಪ್ರತಿ ಉಪಗ್ರಹಕ್ಕೂ ಮನೆ ನಂಬರಿನ ಹಾಗೆ ಒಂದು ಅಂಕಿ ಇದೆ. ಜಿಸ್ಯಾಟ್-15ರ ಅಂಕಿ 93.5 ಪೂರ್ವ. ಅದರ ಒಂದು ಪಕ್ಕ 91.5ರಲ್ಲಿ ಬೇರೆ ಉಪಗ್ರಹ ಇದೆ. ಇನ್ನೊಂದು ಪಕ್ಕ 95ರಲ್ಲಿ ಮತ್ತೊಂದು ಇದೆ. 93.5ಕ್ಕೂ 95ಕ್ಕೂ ಅಂತರ ಎಷ್ಟು? ಒಂದೂವರೆ ಡಿಗ್ರಿ ಮಾತ್ರ.

ಕೈಯನ್ನು ಉದ್ದಕ್ಕೆ ಚಾಚಿ. ಕಿರುಬೆರಳು ಎತ್ತಿ. ಆ ಬೆರಳಿನ ಅಗಲ ಆಕಾಶದಲ್ಲಿ ಸುಮಾರು ಒಂದು ಡಿಗ್ರಿ. ಅಂದರೆ ಪಕ್ಕದ ಉಪಗ್ರಹ ಒಂದೂವರೆ ಬೆರಳು ದೂರ. ತಟ್ಟೆ ಇಷ್ಟು ಸರಿದರೆ ಸಾಕು, ಅದು ನಮ್ಮದಲ್ಲದ ಉಪಗ್ರಹವನ್ನು ನೋಡುತ್ತದೆ. ಅದಕ್ಕೇ ಅಂದಾಜಿನ ಕೆಲಸ ಇಲ್ಲಿ ನಡೆಯದು.

ಸ್ಟ್ರೆಂತ್ ಬೇರೆ, ಕ್ವಾಲಿಟಿ ಬೇರೆ

ಮೀಟರಿನಲ್ಲಿ ಎರಡು ಅಂಕಿ ಇರುತ್ತವೆ. ಒಂದು ಸ್ಟ್ರೆಂತ್. ಇನ್ನೊಂದು ಕ್ವಾಲಿಟಿ.

ಮೊರದಲ್ಲಿ ಜೋಳ ಹಾಕಿದ್ದೇವೆ ಎನ್ನಿ. ಮೊರದಲ್ಲಿ ಒಟ್ಟು ಎಷ್ಟು ಬಿತ್ತು? ಅದು ಸ್ಟ್ರೆಂತ್. ಹೊಟ್ಟು, ಕಲ್ಲು ತೆಗೆದ ಮೇಲೆ ಕಾಳು ಎಷ್ಟು ಉಳಿಯಿತು? ಅದು ಕ್ವಾಲಿಟಿ. ಮೊರದ ತುಂಬ ಹೊಟ್ಟೇ ಇದ್ದರೆ ರೊಟ್ಟಿ ಆಗುವುದಿಲ್ಲ. ತಟ್ಟೆ ಬರಿಯ ಆಕಾಶ ನೋಡುತ್ತಿದ್ದರೂ ಸ್ಟ್ರೆಂತ್ ಒಂದಿಷ್ಟು ತೋರಿಸಬಹುದು. ಆಗ ಕ್ವಾಲಿಟಿ 0 ಇರುತ್ತದೆ. ಆದ್ದರಿಂದ ನಾವು ನಂಬಬೇಕಾದದ್ದು ಕ್ವಾಲಿಟಿಯ ಅಂಕಿಯನ್ನು.

ಚಿತ್ರ ಬಂದರೆ ಸಾಕಲ್ಲವೇ? ಸಾಲದು. ಹಳೆಯ ಆಂಟೆನಾದಲ್ಲಿ ಸಿಗ್ನಲ್ ಕಡಿಮೆಯಾದರೆ ಚಿತ್ರದಲ್ಲಿ ಚುಕ್ಕಿ ಬರುತ್ತಿತ್ತು. ನಮಗೆ ಗೊತ್ತಾಗುತ್ತಿತ್ತು. ಡಿಶ್‌ನಲ್ಲಿ ಹಾಗಿಲ್ಲ. ಕ್ವಾಲಿಟಿ ಸ್ವಲ್ಪವೇ ಇದ್ದರೂ ಚಿತ್ರ ಚೆಂದ ಬರುತ್ತದೆ. ಇನ್ನೊಂದಿಷ್ಟು ಇಳಿದರೆ ಚಿತ್ರ ತುಂಡು ತುಂಡಾಗಿ ನಿಂತೇ ಹೋಗುತ್ತದೆ. ಮಳೆಯ ಹನಿಗಳು ಸಿಗ್ನಲನ್ನು ಹೀರುತ್ತವೆ. ಬಿಸಿಲಿನಲ್ಲಿ ಹೇಗೋ ಬರುತ್ತಿದ್ದ ಚಿತ್ರ ಧಾರವಾಡದ ಮಳೆಗೆ ಹೋಗುವುದು ಇದರಿಂದಲೇ. ಕ್ವಾಲಿಟಿ ಹೆಚ್ಚು ಇಟ್ಟುಕೊಂಡರೆ ಸಾಧಾರಣ ಮಳೆಯನ್ನು ತಾಳಿಕೊಳ್ಳುತ್ತದೆ. ಮಳೆಗಾಲಕ್ಕೆ ಕಾಳು ಕೂಡಿಟ್ಟ ಹಾಗೆ ಇದು. ಎಷ್ಟು ಕೂಡಿಟ್ಟಿದ್ದೇವೆ ಎಂದು ಚಿತ್ರ ಹೇಳುವುದಿಲ್ಲ. ಅಂಕಿ ಹೇಳುತ್ತದೆ.

ಮೀಟರು ಎಷ್ಟು ಬಗೆ?

1. ಸೆಟ್‌ಟಾಪ್ ಬಾಕ್ಸ್. ಇದು ಬೇರೆ ಮೀಟರಲ್ಲ, ಮನೆಯಲ್ಲಿ ಇರುವುದೇ. ರಿಮೋಟಿನಲ್ಲಿ ಮೆನು ಒತ್ತಿದರೆ ಸ್ಟ್ರೆಂತ್, ಕ್ವಾಲಿಟಿ ಎರಡೂ ಟಿ.ವಿ. ಮೇಲೆ ಕಾಣುತ್ತವೆ. ಖರ್ಚಿಲ್ಲ. ಆದರೆ ಇಬ್ಬರು ಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ.

2. ಮುಳ್ಳಿನ ಮೀಟರು. ಇದು ಅಂಗೈಯಲ್ಲಿ ಹಿಡಿಸುತ್ತದೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸಿಗ್ನಲ್ ಬಂದಾಗ ಮುಳ್ಳು ಏಳುತ್ತದೆ, ಕುಂಯ್ ಎಂದು ಕೂಗುತ್ತದೆ. ಆದರೆ ಇದು ಯಾವ ಉಪಗ್ರಹ ಸಿಕ್ಕರೂ ಕೂಗುತ್ತದೆ. ನಮ್ಮದೋ ಪಕ್ಕದ್ದೋ ಇದಕ್ಕೆ ಗೊತ್ತಿಲ್ಲ. ಇದು ಸ್ಟ್ರೆಂತ್ ಮಾತ್ರ ಬಲ್ಲದು. ಸೆಟ್‌ಟಾಪ್ ಬಾಕ್ಸಿನಿಂದ ಕರೆಂಟು ಬಂದರೆ ಮಾತ್ರ ನಡೆಯುತ್ತದೆ.

3. ಡಿಜಿಟಲ್ ಮೀಟರು. ಇದರಲ್ಲಿ ಪರದೆ ಇದೆ, ಬ್ಯಾಟರಿ ಇದೆ. ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಉಪಗ್ರಹವನ್ನೂ ಅದರ ಚಾನೆಲಿನ ಅಂಕಿಗಳನ್ನೂ ಮೊದಲೇ ಆರಿಸಿಕೊಡಬೇಕು. ಆ ಸಿಗ್ನಲ್ ಸಿಕ್ಕರೆ ಮಾತ್ರ ಲಾಕ್ ಎಂದು ತೋರಿಸುತ್ತದೆ. ಕ್ವಾಲಿಟಿಯ ಅಂಕಿ ಕೊಡುತ್ತದೆ. ಒಬ್ಬರೇ ಕೆಲಸ ಮಾಡಬಹುದು.

4. ದೊಡ್ಡ ಮೀಟರು. ಇದು ಎಲ್ಲ ಸಿಗ್ನಲುಗಳನ್ನು ಗುಡ್ಡದ ಸಾಲಿನ ಹಾಗೆ ಚಿತ್ರ ಬರೆದು ತೋರಿಸುತ್ತದೆ. ಇದಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಕೇಬಲ್ ಟಿ.ವಿ.ಯವರಿಗೆ, ದೊಡ್ಡ ಕೇಂದ್ರದವರಿಗೆ ಇದು ಬೇಕು. ಮನೆ ಡಿಶ್‌ಗೆ ಬೇಡ.

ಮೊಬೈಲಿನಲ್ಲೂ ಉಪಗ್ರಹ ತೋರಿಸುವ ಆ್ಯಪ್ ಇವೆ. ಅವು ದಿಕ್ಕು ತೋರಿಸುತ್ತವೆ. ಸಿಗ್ನಲ್ ಅಳೆಯುವುದಿಲ್ಲ.

ಅಕ್ಕ ತಂಗಿ ಮಾತು

ತಂಗಿ: ಅಕ್ಕಾ, ಸಂಘದಾಗ ಸಾಲ ತಗೊಂಡು ಒಂದು ಮೀಟರ್ ತರೂಣೇನು?

ಅಕ್ಕ: ಮೊದಲ ಇದನ್ನ ಹೇಳು. ಎಷ್ಟು ಮನಿಗೆ ಡಿಶ್ ಕೂಡಸ್ತೀ?

ತಂಗಿ: ನಮ್ಮ ಮನಿಗೆ ಒಂದು. ತವರುಮನಿಗೆ ಒಂದು.

ಅಕ್ಕ: ಎರಡು ಮನಿಗೆ ಮೀಟರ್ ಯಾಕ ಬೇಕು? ನೀ ಮಾಳಿಗಿ ಮ್ಯಾಲೆ ನಿಲ್ಲು. ಮಗಳು ಟಿ.ವಿ. ಮುಂದ ಕುಂತು ಕ್ವಾಲಿಟಿ ಎಷ್ಟಂತ ಒದರಲಿ. ಅಷ್ಟರಾಗ ಮುಗೀತು.

ತಂಗಿ: ಊರಾಗಿನ ಮಂದಿ ಕರದ್ರ? ತಿಂಗಳಿಗೆ ಐದು ಮನಿ ಕೆಲಸ ಬರತೈತಿ ಅಂತ ಅನಸ್ತೈತಿ.

ಅಕ್ಕ: ಹಂಗಾದ್ರ ಪಾಟಿ ತಗೀ. ಲೆಕ್ಕ ಹಾಕೂಣು. ಮೀಟರಿಗೆ 3,000 ರೂಪಾಯಿ ಅಂತ ಹಿಡಿ. ಒಂದು ಮನಿಗೆ ಕೂಲಿ 250. ಹೋಗಿ ಬರೂ ಖರ್ಚು 50. ಉಳದದ್ದೆಷ್ಟು?

ತಂಗಿ: 200 ರೂಪಾಯಿ.

ಅಕ್ಕ: 3,000ಕ್ಕ ಎಷ್ಟು 200?

ತಂಗಿ: ಹದಿನೈದು. 15 ಮನಿ ಮಾಡಿದ್ರ ಮೀಟರಿನ ರೊಕ್ಕ ತಿರುಗಿ ಬಂತು. ತಿಂಗಳಿಗೆ 5 ಮನಿ ಅಂದ್ರ ಮೂರು ತಿಂಗಳು.

ಅಕ್ಕ: ಅದ 30,000 ರೂಪಾಯಿ ಮೀಟರ್ ತಂದ್ರ?

ತಂಗಿ: 150 ಮನಿ! ಎರಡೂವರಿ ವರ್ಷ! ಅಯ್ಯ, ಬ್ಯಾಡ ಬಿಡು. ಬಡ್ಡಿ ಬ್ಯಾರೆ ಐತಿ.

ಅಕ್ಕ: ಮತ್ತ ಅಗ್ಗದ ಮುಳ್ಳಿನ ಮೀಟರ್?

ತಂಗಿ: ಅದು ಎಲ್ಲಾರನ್ನೂ ನಮ್ಮವರ ಅಂತೈತಿ. ಅದರ ಕೂಗು ನಂಬಿ ರೊಕ್ಕ ಇಸ್ಕೊಂಡ್ರ ನಾಳೆ ಮಂದಿ ನಮ್ಮನ್ನ ಬೈತಾರ. ಆದ್ರ ಅಕ್ಕಾ, ಹೆಂಗಸ್ರು ಮಾಳಿಗಿ ಏರಿ ಡಿಶ್ ಕೂಡಸ್ತಾರಂದ್ರ ಜನ ನಗೂದಿಲ್ಲೇನು?

ಅಕ್ಕ: ಹಪ್ಪಳ ಒಣಗಸಾಕ ದಿನಾ ಏರತೀವಿ. ಆವಾಗ ಯಾರೂ ನಗಲಿಲ್ಲಲ್ಲ!

ಅಂಗಡಿಯಲ್ಲಿ ಏನು ಕೇಳಬೇಕು?

ಕೆಲಸಕ್ಕೆ ತಕ್ಕ ಮೀಟರು ಡಿಜಿಟಲ್ ಮೀಟರು. ಕೊಳ್ಳುವ ಮೊದಲು ಇವನ್ನು ಕೇಳೋಣ.

• ಡಿವಿಬಿ-ಎಸ್, ಡಿವಿಬಿ-ಎಸ್2 ಎರಡನ್ನೂ ಓದುತ್ತದೆಯೇ? ಫ್ರೀ ಡಿಶ್‌ನಲ್ಲಿ ಎರಡೂ ಬಗೆ ಇವೆ.
• ತಟ್ಟೆಯ ಮುಂದಿನ ಎಲ್‌ಎನ್‌ಬಿಗೆ ತಾನೇ ಕರೆಂಟು ಕೊಡುತ್ತದೆಯೇ? 13 ವೋಲ್ಟ್, 18 ವೋಲ್ಟ್ ಎರಡೂ ಬೇಕು.
• ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ?
• ಬಿಸಿಲಿನಲ್ಲಿ ಪರದೆ ಕಾಣುತ್ತದೆಯೇ? ಅಂಗಡಿಯ ಹೊರಗೆ ತಂದು ನೋಡೋಣ.
• ಚಾನೆಲಿನ ಅಂಕಿಗಳನ್ನು ನಾವೇ ಬದಲಿಸಬಹುದೇ? ಆ ಅಂಕಿಗಳು ಆಗಾಗ ಬದಲಾಗುತ್ತವೆ. ಬದಲಿಸಲು ಬಾರದ ಮೀಟರು ಬೇಗ ಹಳತಾಗುತ್ತದೆ.
• ಅಂಗಡಿಯ ಡಿಶ್‌ಗೆ ಹಚ್ಚಿ 93.5 ಲಾಕ್ ಮಾಡಿ ತೋರಿಸಿರಿ ಎನ್ನೋಣ.
• ಬಿಲ್ಲು, ಗ್ಯಾರಂಟಿ ಚೀಟಿ ಇಸಿದುಕೊಳ್ಳೋಣ. ತಾರೀಖು ಓದಿಯೇ ಹೊರಡೋಣ.

ಡಿಶ್ ಕೂರಿಸುವ ಕ್ರಮ

ಮೊದಲು ಕಂಬ ನೆಟ್ಟಗೆ ನಿಲ್ಲಿಸಬೇಕು. ಆಗ್ನೇಯಕ್ಕೆ ಮರದ ಟೊಂಗೆ ಅಡ್ಡ ಇರಬಾರದು. ದಿಕ್ಸೂಚಿಯನ್ನು ಕಬ್ಬಿಣದಿಂದ, ತಗಡಿನಿಂದ ದೂರ ಹಿಡಿದು ದಿಕ್ಕು ನೋಡಬೇಕು.

ಎಲ್‌ಎನ್‌ಬಿಯ ಮೈಮೇಲೆ ಅಂಕಿ ಬರೆದಿರುತ್ತದೆ. ಹೆಚ್ಚಾಗಿ 9750 ಮತ್ತು 10600 ಎಂದಿರುತ್ತದೆ. ಮೀಟರಿನಲ್ಲೂ ಅದೇ ಅಂಕಿ ಇಡಬೇಕು. ಆಮೇಲೆ 93.5 ಆರಿಸಬೇಕು.

ತಟ್ಟೆಯ ಹಿಂದೆ ಡಿಗ್ರಿ ಗೆರೆಗಳಿವೆ. ಅಲ್ಲಿ 62ಕ್ಕೆ ಇಡಬೇಕು. ಆಗಲೂ ತಟ್ಟೆ ಅಷ್ಟು ಮೇಲೆ ನೋಡುವಂತೆ ಕಾಣುವುದಿಲ್ಲ. ಹೆದರಬೇಡಿ. ಈ ತಟ್ಟೆಯ ಆಕಾರವೇ ಹಾಗೆ. ಮೇಲಿನಿಂದ ಬಂದ ಸಿಗ್ನಲನ್ನು ಅದು ಕೆಳಗಿನ ಎಲ್‌ಎನ್‌ಬಿಗೆ ಕೊಡುತ್ತದೆ.

ಈಗ ತಟ್ಟೆಯನ್ನು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಿ. ಕೂದಲೆಳೆಯಷ್ಟು ತಿರುಗಿಸಿ, ಎರಡು ಕ್ಷಣ ನಿಲ್ಲಿ. ಮೀಟರಿಗೆ ಓದಲು ಹೊತ್ತು ಬೇಕು. ಲಾಕ್ ಆದ ಮೇಲೂ ನಿಲ್ಲಿಸಬೇಡಿ. ಅಂಕಿ ಏರುತ್ತದೆ. ಏರಿ ಏರಿ ಇಳಿಯಲು ಶುರುವಾಗುತ್ತದೆ. ಆಗ ಹಿಂದಕ್ಕೆ ಬನ್ನಿ. ಎಲ್ಲಿ ಹೆಚ್ಚೋ ಅಲ್ಲಿ ನಿಲ್ಲಿ. ಮೇಲೆ ಕೆಳಗೆ ಹಾಗೇ ಮಾಡಿ. ಕೊನೆಗೆ ಎಲ್‌ಎನ್‌ಬಿಯನ್ನು ಸ್ವಲ್ಪ ತಿರುವಿ ನೋಡಿ. ಬೋಲ್ಟು ಬಿಗಿಯುವಾಗ ತಟ್ಟೆ ಸರಿಯುವುದುಂಟು. ಆದ್ದರಿಂದ ಬಿಗಿದ ಮೇಲೆ ಮತ್ತೊಮ್ಮೆ ಅಂಕಿ ಓದಿ.

ಆ ಅಂಕಿಯನ್ನು ತಾರೀಖಿನೊಡನೆ ಒಂದು ಚೀಟಿಯಲ್ಲಿ ಬರೆದು ಮನೆಯವರಿಗೆ ಕೊಡೋಣ. ಮುಂದೆ ಚಿತ್ರ ಹೋದರೆ ಅದೇ ಮೀಟರಿನಿಂದ ಮತ್ತೆ ಅಳೆಯೋಣ. ಅಂಕಿ ಇಳಿದಿದ್ದರೆ ಮೊದಲು ತಟ್ಟೆ, ಕೇಬಲ್ ನೋಡೋಣ. ಅಂಕಿ ಹಾಗೇ ಇದ್ದರೆ ಬಾಕ್ಸ್ ನೋಡೋಣ. ಸುಮ್ಮನೆ ಹೊಸ ಎಲ್‌ಎನ್‌ಬಿ ಕೊಳ್ಳುವುದು ತಪ್ಪುತ್ತದೆ.

ಎಚ್ಚರ

ಮಳೆ, ಗುಡುಗು, ಸಿಡಿಲು ಇದ್ದಾಗ ಮಾಳಿಗೆ ಏರಬಾರದು. ಹತ್ತಿರ ಕರೆಂಟಿನ ತಂತಿ ಇದ್ದರೆ ಕಂಬ ಎತ್ತಬಾರದು. ತಗಡಿನ ಮೇಲೆ, ಹಳೇ ಹೆಂಚಿನ ಮೇಲೆ ಕಾಲಿಡಬಾರದು. ಕೇಬಲ್ ಬಿಚ್ಚುವ ಮೊದಲು ಬಾಕ್ಸ್ ಬಂದ್ ಮಾಡಬೇಕು. ಕೇಬಲಿನ ನಡುವಿನ ತಾಮ್ರದ ತಂತಿಗೆ ಹೊರಗಿನ ಜಾಲರಿ ತಾಗಬಾರದು. ಒಬ್ಬರು ಮೇಲಿದ್ದರೆ ಇನ್ನೊಬ್ಬರು ಏಣಿ ಹಿಡಿಯಬೇಕು.

ಅಭ್ಯಾಸ

ಹೊಸ ಪದಗಳನ್ನು ಎರಡೆರಡು ಸಲ ಬರೆಯಿರಿ: ಉಪಗ್ರಹ, ಆಗ್ನೇಯ, ದಿಕ್ಸೂಚಿ, ಡಿಗ್ರಿ, ಕ್ವಾಲಿಟಿ, ಮೀಟರು.

ಉತ್ತರ ಬರೆಯಿರಿ:
1. ಮುಳ್ಳಿನ ಮೀಟರು ಕೂಗಿದರೆ ನಮ್ಮ ಉಪಗ್ರಹವೇ ಸಿಕ್ಕಿತು ಎನ್ನಬಹುದೇ? ಏಕೆ?
2. ಸ್ಟ್ರೆಂತ್ 70, ಕ್ವಾಲಿಟಿ 0. ಚಿತ್ರ ಬರುತ್ತದೆಯೇ?
3. ಮೀಟರಿನ ಬೆಲೆ 4,000 ರೂಪಾಯಿ. ಒಂದು ಮನೆಗೆ 200 ರೂಪಾಯಿ ಉಳಿಯುತ್ತದೆ. ಎಷ್ಟು ಮನೆ ಮಾಡಿದರೆ ರೊಕ್ಕ ತಿರುಗಿ ಬರುತ್ತದೆ?

ಮನೆಗೆಲಸ: ನಿಮ್ಮ ಮನೆಯ ಅಥವಾ ನೆರೆಮನೆಯ ಟಿ.ವಿ.ಯಲ್ಲಿ ಮೆನು ತೆರೆಯಿರಿ. ಕ್ವಾಲಿಟಿ ಎಷ್ಟಿದೆ ಓದಿರಿ. ಬಿಸಿಲಿದ್ದಾಗ ಒಮ್ಮೆ, ಮಳೆ ಬಂದಾಗ ಒಮ್ಮೆ ಬರೆದಿಡಿ. ಎರಡೂ ಅಂಕಿಗಳನ್ನು ಕಲಿಕಾ ಕೇಂದ್ರಕ್ಕೆ ತನ್ನಿ. ಎಲ್ಲರೂ ಕೂಡಿ ಹೋಲಿಸಿ ನೋಡೋಣ.